ಫಾಲ್ಟ್ ಹುಡುಕುವುದನ್ನು ಕಂಪ್ಯೂಟರ್‌ನಲ್ಲಿ ಕಲಿಸಿದ ನನ್ನ ಅನುಭವ

ಸ್ಟಾರ್ಟ್ ಬಟನ್ ಒತ್ತಿದರೂ ಮೋಟರ್ ತಿರುಗುತ್ತಿಲ್ಲ. ಎಲ್ಲಿ ಕೈಕೊಟ್ಟಿದೆ, ಹುಡುಕಿ. ನಾನು ಮಾಡಿದ ತರಬೇತಿ ಪ್ರೋಗ್ರಾಂ ಕೇಳುವುದು ಇಷ್ಟೇ. ತೆರೆಯ ಮೇಲೆ ಒಂದು ಸ್ಟಾರ್ಟರ್ ಪ್ಯಾನೆಲ್ (ಮೋಟರ್ ಚಾಲೂ ಮಾಡುವ ಪೆಟ್ಟಿಗೆ), ಪಕ್ಕದಲ್ಲಿ ಸರ್ಕ್ಯೂಟ್ ಡ್ರಾಯಿಂಗ್, ಒಂದು ಮಲ್ಟಿಮೀಟರ್. ಉಳಿದದ್ದು ಕಲಿಯುವವರಿಗೆ ಬಿಟ್ಟದ್ದು.

ಇದಕ್ಕೂ ಮೊದಲು ನಮ್ಮಲ್ಲಿ ವಿಡಿಯೋ ಮತ್ತು ಕ್ವಿಜ್ ಇದ್ದವು. ಓವರ್‌ಲೋಡ್ ರಿಲೇ (ಮೋಟರ್ ಹೆಚ್ಚು ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಭಾಗ) ಏನು ಮಾಡುತ್ತದೆ ಎಂದು ಕೇಳಿದರೆ ಎಲ್ಲರೂ ಸರಿಯಾಗಿ ಉತ್ತರಿಸುತ್ತಿದ್ದರು. ಅವರನ್ನೇ ನಿಂತುಹೋದ ಪ್ಯಾನೆಲ್ ಮುಂದೆ ಬಿಟ್ಟರೆ ಸುಮ್ನೆ ಕಾಂಟ್ಯಾಕ್ಟರ್ (ಒಳಗಿನ ಕಾಯಿಲ್‌ಗೆ ಕರೆಂಟ್ ಬಂದಾಗ ಮೋಟರ್‌ಗೆ ಸಪ್ಲೈ ಜೋಡಿಸುವ ಸ್ವಿಚ್) ಬದಲಿಸಲು ಶುರು ಮಾಡುತ್ತಿದ್ದರು. ಒಂದೊಂದು ಭಾಗದ ಕೆಲಸ ಗೊತ್ತಿರುವುದು ಬೇರೆ, ಈಗ ಮೀಟರ್ ಎಲ್ಲಿ ಇಡಬೇಕು ಎಂದು ಹೊಳೆಯುವುದು ಬೇರೆ. ಎರಡನೆಯದನ್ನು ಯಾರೂ ಕಲಿಸುತ್ತಿರಲಿಲ್ಲ.

ಈ ಸಮಸ್ಯೆ ಹಳೆಯದು. 1980ರ ದಶಕದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಲನ್ ಲೆಸ್‌ಗೋಲ್ಡ್ ಮತ್ತು ಜೊತೆಗಾರರು ಅಮೆರಿಕದ ವಾಯುಪಡೆಗಾಗಿ ಶೆರ್ಲಾಕ್ ಎಂಬ ಪ್ರೋಗ್ರಾಂ ಮಾಡಿದ್ದರು. ಎಫ್-15 ವಿಮಾನದ ಎಲೆಕ್ಟ್ರಾನಿಕ್ ಭಾಗಗಳನ್ನು ಪರೀಕ್ಷಿಸಲು ದೊಡ್ಡ ಟೆಸ್ಟ್ ಸ್ಟೇಷನ್ ಇರುತ್ತದೆ. ಆ ಸ್ಟೇಷನ್ನೇ ಕೆಟ್ಟರೆ ಫಾಲ್ಟ್ ಹುಡುಕುವುದು ಹೇಗೆ ಎಂಬುದು ಅಲ್ಲಿನ ಪಾಠ. ಅದರಲ್ಲಿ 20-25 ಗಂಟೆ ಅಭ್ಯಾಸ ಮಾಡಿದ ಹೊಸಬರು, ಸುಮಾರು 4 ವರ್ಷ ಕೆಲಸ ಮಾಡಿದವರ ಮಟ್ಟಕ್ಕೆ ಬಂದರು ಎಂಬುದು ಅದರ ಹೆಸರಾಂತ ಫಲಿತಾಂಶ. ಕೇಳಿದರೆ ಉತ್ಪ್ರೇಕ್ಷೆ ಅನಿಸುತ್ತದೆ, ಅಲ್ವಾ? ಕಾರಣ ನೋಡಿದರೆ ಹಾಗನಿಸುವುದಿಲ್ಲ. ಕೆಲಸದ ಜಾಗದಲ್ಲಿ ಕಷ್ಟದ ಫಾಲ್ಟ್ ಬರುವುದೇ ಅಪರೂಪ. ಬಂದರೂ ಅನುಭವಿಯೊಬ್ಬರು ಬಂದು ಸರಿಮಾಡಿ ಹೋಗುತ್ತಾರೆ, ಹೊಸಬರು ಟಾರ್ಚ್ ಹಿಡಿದು ನಿಂತಿರುತ್ತಾರೆ. ಕಂಪ್ಯೂಟರ್‌ನಲ್ಲಿ ವರ್ಷಕ್ಕೊಮ್ಮೆ ಬರುವ ಫಾಲ್ಟನ್ನು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಕೊಡಬಹುದು.

ಮೊದಲ ಕೆಲಸ, ಅನುಭವಿಯ ತಲೆಯಲ್ಲಿರುವುದನ್ನು ಹೊರಗೆ ತರುವುದು. ನಮ್ಮ ಹಿರಿಯ ಟೆಕ್ನೀಷಿಯನ್ ಹತ್ತಿರ ಕೂತು, "ಸರ್, ನೀವು ಹೇಗೆ ಹುಡುಕ್ತೀರಿ?" ಎಂದು ಕೇಳಿದೆ. "ನೋಡಿದ ಕೂಡಲೇ ಗೊತ್ತಾಗುತ್ತಪ್ಪಾ, ಅದಕ್ಕೇನು ಹೇಳೋದು?" ಎಂದರು. ನೇರ ಪ್ರಶ್ನೆಗೆ ಸಿಗುವುದು ಇಂಥ ಉತ್ತರವೇ. ವಾಯುಪಡೆಯ ಸಂಶೋಧಕರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು, ಪಾರಿ ಎಂದು ಅದರ ಹೆಸರು. ಫಾಲ್ಟ್ ಏನೆಂದು ಹೇಳದೆ ಅನುಭವಿಯ ಮುಂದೆ ಸಮಸ್ಯೆ ಇಡಬೇಕು. ಪ್ರತಿ ಹೆಜ್ಜೆಗೂ ನಾಲ್ಕು ವಿಷಯ ಬರೆದುಕೊಳ್ಳಬೇಕು: ಯಾಕೆ ಇದನ್ನು ಮಾಡುತ್ತಿದ್ದೀರಿ, ಏನು ಮಾಡಿದಿರಿ, ಏನು ಬಂತು, ಅದರಿಂದ ಏನು ಗೊತ್ತಾಯಿತು.

ಹಾಗೇ ಮಾಡಿದೆವು. ಡ್ರಾಯಿಂಗ್ ನನ್ನ ಕೈಯಲ್ಲಿ, ನಾನೇ ಪ್ಯಾನೆಲ್. ಅವರು ಎಲ್ಲಿ ಮೀಟರ್ ಇಡುತ್ತೇನೆ ಎಂದು ಹೇಳುತ್ತಾರೆ, ನಾನು ರೀಡಿಂಗ್ ಹೇಳುತ್ತೇನೆ. ಆದರೆ ಅವರ ಮೊದಲ ಪ್ರಶ್ನೆ ಮೀಟರ್ ಬಗ್ಗೆ ಇರಲೇ ಇಲ್ಲ. "ಬಟನ್ ಒತ್ತಿದಾಗ ಕಾಂಟ್ಯಾಕ್ಟರ್ ಟಕ್ ಅಂತಾ?" ಎಂದು ಕೇಳಿದರು. ಆ ಒಂದು ಸದ್ದಿನಿಂದ ಪ್ಯಾನೆಲ್ ಎರಡು ಭಾಗವಾಗುತ್ತದೆ. ಟಕ್ ಎಂದರೆ ಬಟನ್‌ಗಳಿರುವ ಕಂಟ್ರೋಲ್ ಸರ್ಕ್ಯೂಟ್‌ನಲ್ಲಿ ಕಾಯಿಲ್‌ವರೆಗೆ ದಾರಿ ಸರಿಯಿದೆ, ಮೋಟರ್‌ಗೆ ಕರೆಂಟ್ ಹೋಗುವ ಪವರ್ ಕಡೆ ನೋಡಬೇಕು. ಬಟನ್ ಬಿಟ್ಟ ಕೂಡಲೇ ಕಾಂಟ್ಯಾಕ್ಟರ್ ಬಿಟ್ಟುಹೋದರೆ ಬಟನ್ ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟ್ ಉಳಿಸುವ ಹೋಲ್ಡಿಂಗ್ ಕಾಂಟ್ಯಾಕ್ಟ್ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಓವರ್‌ಲೋಡ್‌ನ 95-96 (ಸಾಮಾನ್ಯವಾಗಿ ಮುಚ್ಚಿರುವ ಕಾಂಟ್ಯಾಕ್ಟ್‌ನ ಎರಡು ತುದಿಗಳ ನಂಬರ್), ಸ್ಟಾಪ್ ಬಟನ್, ಸ್ಟಾರ್ಟ್ ಬಟನ್, ಕಾಯಿಲ್‌ನ ಎರಡು ತುದಿಗಳಾದ ಎ1-ಎ2, ಈ ಸಾಲು. ನಮ್ಮ ಯಾವ ವಿಡಿಯೋದಲ್ಲೂ ಈ "ಟಕ್" ಇರಲಿಲ್ಲ.

ಇನ್ನು ಪ್ರೋಗ್ರಾಂ ಏನನ್ನು ಗಮನಿಸಬೇಕು? ಕೊನೆಯ ಉತ್ತರವನ್ನು ಮಾತ್ರ ನೋಡಿದರೆ ಪ್ರಯೋಜನ ಕಡಿಮೆ. ಸಂಶೋಧಕ ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಕಲಿಸುವ ಪ್ರೋಗ್ರಾಂಗಳ ಬಗೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಬರೀ ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಪ್ರೋಗ್ರಾಂಗಳ ಪರಿಣಾಮ (ಅಂಥ ಸಹಾಯವಿಲ್ಲದೆ ಕಲಿತವರಿಗಿಂತ ಎಷ್ಟು ಮುಂದೆ ಎಂದು, ಅಂಕಗಳ ಹರವಿಗೆ ಹೋಲಿಸಿ ಹೇಳುವ ಅಳತೆ) 0.31ರಷ್ಟಿತ್ತು. ಹೆಜ್ಜೆ ಹೆಜ್ಜೆಯನ್ನೂ ನೋಡುವ ಪ್ರೋಗ್ರಾಂಗಳದ್ದು 0.76. ಎದುರು ಕೂತು ಕಲಿಸುವ ಮನುಷ್ಯರದ್ದು 0.79. ಈ ಅಂಕಿಗಳನ್ನು ನಾನು ಗೋಡೆಗೆ ಅಂಟಿಸಿಕೊಂಡಿದ್ದೆ, ಏಕೆಂದರೆ ಹೆಜ್ಜೆಗಳನ್ನು ಬಿಟ್ಟು ಸ್ಕೋರ್ ಮಾತ್ರ ತೋರಿಸೋಣ ಎಂದು ಹೇಳುವವರು ಯಾವಾಗಲೂ ಇರುತ್ತಾರೆ.

ಫಾಲ್ಟ್ ಹುಡುಕುವುದರಲ್ಲಿ ಒಂದು ಹೆಜ್ಜೆ ಎಂದರೆ ಒಂದು ಅಳತೆ. ಆದರೆ ಗಣಿತದ ಲೆಕ್ಕದ ಹಾಗೆ ಇಲ್ಲಿ ಇದೇ ಸರಿ ದಾರಿ ಎಂಬುದು ಇಲ್ಲ. ಹಾಗಾಗಿ ನಾವು ಅನುಮಾನದ ಪಟ್ಟಿ ಇಟ್ಟುಕೊಂಡೆವು. ಶುರುವಿನಲ್ಲಿ ಎಲ್ಲ ಭಾಗಗಳ ಮೇಲೂ ಅನುಮಾನ. ಪ್ರತಿ ರೀಡಿಂಗ್ ಬಂದ ಮೇಲೆ ಯಾವುದು ಪಟ್ಟಿಯಿಂದ ಹೊರಬಿತ್ತು ಎಂದು ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ಯಾವ ರೀಡಿಂಗ್ ಬಂದರೂ ಪಟ್ಟಿ ಚಿಕ್ಕದಾಗುವುದಿಲ್ಲ ಎಂದಾದರೆ ಆ ಅಳತೆ ವ್ಯರ್ಥ. 1970ರ ದಶಕದಲ್ಲೇ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅವರ ಸೋಫಿ ಎಂಬ ಪ್ರೋಗ್ರಾಂ ಇಂಥದ್ದನ್ನು ಮಾಡಿತ್ತು: ನಿಮ್ಮ ಊಹೆ, ನೀವೇ ತೆಗೆದ ಅಳತೆಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುತ್ತಿತ್ತು.

ಮೊದಲು ಪಟ್ಟಿಯನ್ನು ಅರ್ಧಕ್ಕೆ ಇಳಿಸುವ ಅಳತೆಗೇ ಜಾಸ್ತಿ ಅಂಕ ಕೊಟ್ಟಿದ್ದೆವು. ನಮ್ಮ ಹಿರಿಯರು ಒಪ್ಪಲಿಲ್ಲ. "ಕವರ್ ಬಿಚ್ಚದೆ ಗೊತ್ತಾಗೋದನ್ನು ಮೊದಲು ನೋಡ್ತೀನಿ" ಎಂದರು. ಸರಿಯಾದ ಮಾತು. ಪ್ರತಿ ಅಳತೆಗೂ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಬೆಲೆ ಕಟ್ಟಿದ ಮೇಲೆ ಪ್ರೋಗ್ರಾಂನ ಆಯ್ಕೆಗಳು ಅವರ ಆಯ್ಕೆಗಳಿಗೆ ಹತ್ತಿರ ಬಂದವು.

ಕಲಿಯುವವರ ತಪ್ಪುಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸುತ್ತಿತ್ತು. ಬಟನ್ ಒತ್ತಿ ಹಿಡಿದು 95-96ರ ಎರಡು ತುದಿಗೂ ಮೀಟರ್ ಇಡುತ್ತಾರೆ, ಪೂರ್ತಿ ವೋಲ್ಟೇಜ್ ತೋರಿಸುತ್ತದೆ. "ಇಲ್ಲಿ ಸಪ್ಲೈ ಬರ್ತಿದೆ, ಇದು ಸರಿ ಇದೆ" ಎಂದು ಮುಂದೆ ಹೋಗುತ್ತಾರೆ. ನಿಜವಾಗಿ ಅದೇ ಫಾಲ್ಟ್! ಕಾಂಟ್ಯಾಕ್ಟ್ ಮುಚ್ಚಿದ್ದರೆ ಅದರ ಎರಡು ತುದಿಗಳ ನಡುವೆ ಸೊನ್ನೆ ಬರಬೇಕಿತ್ತು. ಹಾಗಂತ ಸೊನ್ನೆ ಬಂದರೆ ಎಲ್ಲ ಸರಿ ಎಂದೂ ಅಲ್ಲ. ಸಪ್ಲೈಯೇ ಇಲ್ಲದಿದ್ದರೂ ಸೊನ್ನೆಯೇ. ಇದು ಅಜಾಗರೂಕತೆಯಲ್ಲ, ತಲೆಯಲ್ಲಿರುವ ಒಂದು ತಪ್ಪು ನಿಯಮ. ಅದೇ ಬ್ರೌನ್ ಮತ್ತು ಬರ್ಟನ್ 1978ರಲ್ಲಿ ಮಕ್ಕಳ ಕಳೆಯುವ ಲೆಕ್ಕಗಳಲ್ಲಿ ತೋರಿಸಿದ್ದೂ ಇದನ್ನೇ: ಎಷ್ಟೋ ತಪ್ಪುಗಳು ಮನಸ್ಸಿಗೆ ಬಂದಂತೆ ಆದವಲ್ಲ, ಒಂದು ಕ್ರಮದಲ್ಲಿ ಆದವು. ನಿಯಮ ಗೊತ್ತಾದ ಮೇಲೆ ಅದನ್ನು ಕೆದಕುವ ಸಮಸ್ಯೆಯನ್ನೇ ಕೊಡಬಹುದು. ನಾವೂ ಕೊಟ್ಟೆವು. ಅಳೆಯುವ ಮೊದಲು "ಸರಿ ಇದ್ದರೆ ಎಷ್ಟು ಬರಬೇಕು?" ಎಂದು ಬರೆಯಲೇಬೇಕು ಎಂದು ಮಾಡಿದ್ದು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಬೇಜಾರು ಎಂದು ಬೈದವರೂ ಇದ್ದಾರೆ.

ಸುಳಿವುಗಳದ್ದು ಬೇರೆಯೇ ಕಥೆ. ಸುಳಿವಿನ ಬಟನ್ ಇಟ್ಟರೆ ಕೆಲವರು ಅದನ್ನೇ ಟಪಟಪ ಒತ್ತಿ ಕೊನೆಯ ಸುಳಿವಿಗೆ ಹೋಗುತ್ತಾರೆ, ಅಲ್ಲಿ ಉತ್ತರ ಸಿಗುತ್ತದೆ. ರಯಾನ್ ಬೇಕರ್ ಮತ್ತು ಜೊತೆಗಾರರು 2004ರಲ್ಲಿ, ಹೀಗೆ ಪ್ರೋಗ್ರಾಂಗೆ ಟೋಪಿ ಹಾಕುವವರು ಕಡಿಮೆ ಕಲಿಯುತ್ತಾರೆ ಎಂದು ತೋರಿಸಿದರು. ನಮ್ಮ ಕೊನೆಯ ಸುಳಿವಿನಲ್ಲಿ ಉತ್ತರವಿಲ್ಲ. ಉಳಿದಿರುವ ಅನುಮಾನದ ಪಟ್ಟಿ ಮಾತ್ರ ಇದೆ. ಮುಂದಿನ ಅಳತೆಯನ್ನು ಅವರೇ ಆರಿಸಬೇಕು.

ತಪ್ಪು ಮಾಡಿದಾಗ ಯಾವಾಗ ಬಾಯಿ ಬಿಡಬೇಕು? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಆಂಡರ್ಸನ್ ತಂಡದ ಲಿಸ್ಪ್ ಟ್ಯೂಟರ್ (ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಪ್ರೋಗ್ರಾಂ) ತಕ್ಷಣ ತಿದ್ದುತ್ತಿತ್ತು. ಕಲಿಕೆ ಬೇಗ ಸಾಗುತ್ತದೆ, ನಿಜ. ಆದರೆ ಅಭ್ಯಾಸದ ಹೊತ್ತಿನಲ್ಲಿ ಪದೇ ಪದೇ ಸಿಗುವ ತಿದ್ದುಪಡಿ ಆಗಿನ ಸಾಧನೆಯನ್ನು ಹೆಚ್ಚಿಸಿದರೂ ನಂತರ ಉಳಿಯುವ ಕಲಿಕೆಯನ್ನು ಕುಗ್ಗಿಸಬಹುದು ಎಂದು ರಿಚರ್ಡ್ ಶ್ಮಿಟ್ ಮತ್ತು ರಾಬರ್ಟ್ ಬ್ಯೋರ್ಕ್ 1992ರಲ್ಲಿ ವಾದಿಸಿದರು. ನಾವು ಇದನ್ನು ಭಾಗ ಮಾಡಿಕೊಂಡೆವು. ಕರೆಂಟ್ ಇರುವಾಗಲೇ ಮೀಟರನ್ನು ಓಮ್‌ಗೆ (ರೆಸಿಸ್ಟೆನ್ಸ್ ಅಳೆಯುವ ಕಡೆಗೆ) ತಿರುಗಿಸಿದರೆ ಪ್ರೋಗ್ರಾಂ ಅಲ್ಲೇ ನಿಲ್ಲಿಸುತ್ತದೆ. ಅದರಲ್ಲಿ ರಾಜಿ ಇಲ್ಲ. ಉಳಿದ ತಪ್ಪುಗಳನ್ನು ಹರಿಯಲು ಬಿಡುತ್ತದೆ. ಸಮಸ್ಯೆ ಮುಗಿದ ಮೇಲೆ ನಿಮ್ಮ ದಾರಿ ಎಡಕ್ಕೆ, ಅನುಭವಿಯ ದಾರಿ ಬಲಕ್ಕೆ ಬರುತ್ತದೆ. ಶೆರ್ಲಾಕ್‌ನ ಎರಡನೇ ಆವೃತ್ತಿಯಲ್ಲೂ ಇಂಥ ಹಿನ್ನೋಟಕ್ಕೆ ದೊಡ್ಡ ಜಾಗವಿತ್ತು. ನನ್ನ ಕಣ್ಣಿಗೆ ಕಂಡಂತೆ ನಿಜವಾದ ಕಲಿಕೆ ಆ ಹತ್ತು ನಿಮಿಷದಲ್ಲೇ ಆಗುತ್ತದೆ. ಜನ ಅದನ್ನೇ ಹಾರಿಸಿ ಮುಂದಿನ ಸಮಸ್ಯೆಗೆ ಓಡುತ್ತಾರೆ ಎಂಬುದು ಬೇರೆ ಮಾತು. ಹಾರಿಸುವ ಬಟನ್ ತೆಗೆದುಹಾಕಿದೆವು.

ಕೆಲಸವನ್ನು ತುಂಡು ಮಾಡಿ ಕಲಿಸಬೇಕೇ, ಇಡಿಯಾಗಿಯೇ? ನಾನು ಇಡಿಯಾಗಿ ಎನ್ನುವ ಪಕ್ಷ. ಡೇನಿಯಲ್ ಗೋಫರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಕೆಲಸವೊಂದಿದೆ. ಇಸ್ರೇಲ್ ವಾಯುಪಡೆಯ ಕೆಡೆಟ್‌ಗಳಿಗೆ ಸ್ಪೇಸ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟದಲ್ಲಿ 10 ಗಂಟೆ ತರಬೇತಿ ಕೊಟ್ಟರು, ಅದರಿಂದ ಅವರ ವಿಮಾನ ಹಾರಾಟ ಸುಧಾರಿಸಿತು. ಅವರ ಒಂದು ಉಪಾಯ ನನಗೆ ಹಿಡಿಸಿತು: ಆಟ ಪೂರ್ತಿಯೇ ಆಡಬೇಕು, ಆದರೆ ಒಂದೊಂದು ಸಲ ಒಂದೊಂದು ಅಂಶಕ್ಕೆ ಹೆಚ್ಚು ಗಮನ ಕೊಡಬೇಕು. ನಾವೂ ಒಂದು ದಿನ ಅಳತೆಗಳ ಸಂಖ್ಯೆಗೆ ಮಾತ್ರ ಅಂಕ ಕೊಡುತ್ತೇವೆ, ಇನ್ನೊಂದು ದಿನ ಊಹೆ ಎಷ್ಟು ಸರಿಯಿತ್ತು ಎಂಬುದಕ್ಕೆ ಮಾತ್ರ. ಫಾಲ್ಟ್ ಮಾತ್ರ ಮೊದಲ ದಿನದಿಂದಲೂ ಪೂರ್ತಿ ಪ್ಯಾನೆಲ್‌ನಲ್ಲೇ ಇರುತ್ತದೆ. ಸುಲಭದ್ದು, ಆದರೆ ಪೂರ್ತಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಇಂಥ ಟ್ಯೂಟರ್‌ನಲ್ಲಿ ಒಂದು ಗಂಟೆಯ ಪಾಠ ಮಾಡಲು 200-300 ಗಂಟೆ ಕೆಲಸ ಬೇಕು ಎಂಬ ಅಂದಾಜು ಈ ಕ್ಷೇತ್ರದಲ್ಲಿ ಚಾಲ್ತಿಯಲ್ಲಿದೆ. ನನ್ನ ಅನುಭವದಲ್ಲಿ ಅದರ ಬಹುಪಾಲು ಕೋಡ್ ಬರೆಯುವುದಕ್ಕೆ ಹೋಗಲಿಲ್ಲ, ಹಿರಿಯರ ಹತ್ತಿರ ಕೂರುವುದಕ್ಕೆ ಹೋಯಿತು. ಈಗ ಎಲ್ಲರೂ "ಒಂದು ಚಾಟ್‌ಬಾಟ್ ಹಾಕಿಬಿಡಿ" ಎನ್ನುತ್ತಾರೆ. ಹಿನ್ನೋಟದ ಮಾತುಕತೆಗೆ ಅದನ್ನು ಬಳಸಬಹುದು. ಅನುಮಾನದ ಪಟ್ಟಿಯ ಲೆಕ್ಕವನ್ನು ಮಾತ್ರ ಸರ್ಕ್ಯೂಟ್‌ನ ಆಧಾರದ ಮೇಲೆಯೇ ಮಾಡಿಸುತ್ತೇನೆ.

ಪರೀಕ್ಷೆ ಯಾವಾಗಲೂ ನಿಜವಾದ ಪ್ಯಾನೆಲ್ ಮೇಲೆ, ಪ್ರೋಗ್ರಾಂನಲ್ಲಿ ಇಲ್ಲದ ಫಾಲ್ಟ್ ಇಟ್ಟು. ಅಭ್ಯಾಸ ಮಾಡಿದವರು ಮೊದಲು ಬಟನ್ ಒತ್ತಿ ಕಿವಿಗೊಡುತ್ತಾರೆ. ಸುಮ್ನೆ ಭಾಗ ಬದಲಿಸುವುದು ಕಡಿಮೆಯಾಗಿದೆ. ಆದರೆ ಸಡಿಲವಾದ ಟರ್ಮಿನಲ್ ಇಟ್ಟರೆ ಅವರೂ ಒದ್ದಾಡುತ್ತಾರೆ. ಬಿಸಿಯಾದಾಗ ಬಿಟ್ಟುಹೋಗಿ ತಣ್ಣಗಾದಾಗ ಕೂಡಿಕೊಳ್ಳುವ ಫಾಲ್ಟ್‌ಗೆ ವೈರ್ ಎಳೆದು ನೋಡಬೇಕು, ಸುಟ್ಟ ವಾಸನೆ ಹಿಡಿಯಬೇಕು. ತೆರೆಯ ಮೇಲೆ ಇವೆರಡೂ ಇಲ್ಲ. ಅದನ್ನು ಈಗಲೂ ಪ್ಯಾನೆಲ್ ಮುಂದೆ ನಿಲ್ಲಿಸಿ, ಹಿರಿಯರೇ ಕಲಿಸುತ್ತಾರೆ.