ರೈಲು ಹತ್ತಿದ ರಕ್ತ

ಅಂಗಳ ತುಂಬ ಅಡಿಕೆ ಒಣಗುವ ಮನೆ ನಮ್ಮದು, ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಂಗಳೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿಗೆ ಸೇರಿದಾಗ ವಿಷಯವೂ ಅಡಿಕೆಯದ್ದೇ ಸಿಕ್ಕಿತು: ಕವಳ ಹಾಕುವವರ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಉತ್ಕರ್ಷಣದಿಂದ ಜೀವಕೋಶಕ್ಕೆ ಬೀಳುವ ಹೊಡೆತ. ಸುಣ್ಣದ ಕ್ಷಾರ ತಾಗಿದರೆ ಅಡಿಕೆಯ ಪಾಲಿಫಿನಾಲ್‌ಗಳು ತಾವಾಗಿಯೇ ಉತ್ಕರ್ಷಣಗೊಂಡು ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ, ಕೋಶಕ್ಕೆ ಹಾನಿ ಮಾಡುವ ವಸ್ತುಗಳನ್ನು ಹುಟ್ಟಿಸುತ್ತವೆ. ಇದು ಬಾಯಲ್ಲಿ ನಡೆಯುವ ಸಂಗತಿ. ರಕ್ತದವರೆಗೆ ಎಷ್ಟು ಮುಟ್ಟುತ್ತದೆ ಎಂಬುದು ನನ್ನ ಪ್ರಶ್ನೆ. "ಅಡಿಕೆಯ ಹೆಸರು ಕೆಡಿಸ್ಲಿಕ್ಕೆ ನಿನ್ನನ್ನು ಓದಿಸಿದ್ದಾ?" ಎಂದು ಅಪ್ಪ ಅರ್ಧ ತಮಾಷೆಗೆ ಕೇಳಿದ್ದರು.

ಅಳೆಯುತ್ತಿದ್ದದ್ದು ಗ್ಲುಟಾಥಯೋನನ್ನು, ಜೀವಕೋಶವನ್ನು ಈ ಹೊಡೆತದಿಂದ ಕಾಯುವ ಸಣ್ಣ ಅಣುವನ್ನು. ಜೀವಕೋಶದ ಮೇಲೆ ಉತ್ಕರ್ಷಣದ ಹೊಡೆತ ಬಿದ್ದಾಗ ಇದರ ಎರಡೆರಡು ಅಣುಗಳು ಗಂಧಕದ ತುದಿಯಲ್ಲಿ ಬೆಸೆದು ಜೋಡಿಯಾಗುತ್ತವೆ. ಆರೋಗ್ಯವಂತರ ರಕ್ತದಲ್ಲಿ ಈ ಜೋಡಿ ಒಟ್ಟು ಗ್ಲುಟಾಥಯೋನಿನ ನೂರರಲ್ಲಿ ಒಂದು ಪಾಲಿನಷ್ಟೂ ಇರುವುದಿಲ್ಲ. ವಿಧಾನ 1969ರಷ್ಟು ಹಳೆಯದು, ಟೀಟ್ಸೆ ಎಂಬ ವಿಜ್ಞಾನಿಯದು. ಕ್ಯುವೆಟ್‌ನಲ್ಲಿ (ಅಳತೆಯ ಪುಟ್ಟ ಪಾರದರ್ಶಕ ಪಾತ್ರೆ) ಕಿಣ್ವವೊಂದರ ನೆರವಿನಿಂದ ಅರಿಸಿನದ ನೀರಿನಂಥ ಬಣ್ಣ ಏರುತ್ತದೆ. ಎಷ್ಟು ಬೇಗ ಏರುತ್ತದೆ ಎಂಬುದನ್ನು 412 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಿದರಾಯಿತು.

ಊರಿನಲ್ಲಿ ಕವಳದವರ ರಕ್ತ ತೆಗೆಸಿ, ಅಲ್ಲೇ ಆಮ್ಲ ಬೆರೆಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕುಂಬಳೆಗೆ ಬಂದು ರೈಲು ಹತ್ತುತ್ತಿದ್ದೆ. ಹೋಲಿಕೆಗೆ ಬೇಕಾದ ಕವಳ ಹಾಕದವರ ರಕ್ತ ಲ್ಯಾಬಿನ ಗೆಳೆಯರದ್ದೇ. ಅದಕ್ಕೂ ಅದೇ ಆಮ್ಲ, ಆದರೆ ಐದೇ ನಿಮಿಷದಲ್ಲಿ ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿ ಮೇಲಿನ ತಿಳಿ ಬೇರೆ ಮಾಡುತ್ತಿದ್ದೆ. ಕವಳದವರಲ್ಲಿ ಜೋಡಿ ಹಲವು ಪಟ್ಟು! ಗ್ರಾಫ್ ಎಷ್ಟು ಚಂದ ಬಂತೆಂದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಈಗ ಅಂಥ ಗ್ರಾಫ್ ಕಂಡರೆ ನನಗೆ ಹೆದರಿಕೆ.

ರಜೆಯಲ್ಲಿ ಬಾಳೆಕಾಯಿ ಹೆಚ್ಚುತ್ತಾ ಕೂತಿದ್ದಾಗ ಅಮ್ಮ ಬೈದಳು: "ಎಂತ ಮಾರಾಯ್ತಿ, ಹೆಚ್ಚಿದ್ದನ್ನು ಹಾಗೇ ಇಟ್ಟರೆ ಕಪ್ಪಾಗ್ತದೆ. ಮಜ್ಜಿಗೆ ನೀರಿಗೆ ಹಾಕು." ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸ ಅದು, ಹುಳಿಯಲ್ಲಿ ನಿಧಾನವಾಗುತ್ತದೆ. ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡ ಪಾಠ! ಹಾಗಾದರೆ ಆಮ್ಲ ಹಾಕಿ ಒಡೆದು, ರೈಲಿನುದ್ದಕ್ಕೂ ಹಾಗೇ ಇಟ್ಟ ನನ್ನ ಟ್ಯೂಬುಗಳ ರಕ್ತ?

ಮಂಗಳೂರಿಗೆ ಹೋದವಳೇ ನನ್ನ ಕೈಯಿಂದಲೇ ಎರಡು ಟ್ಯೂಬ್ ರಕ್ತ ತೆಗೆಸಿದೆ. ಒಂದರಲ್ಲಿ ಮೊದಲೇ ಎನ್‌-ಈಥೈಲ್‌ಮ್ಯಾಲಿಮೈಡ್ ಹಾಕಿಟ್ಟಿದ್ದೆ. ಬಿಡಿ ಗ್ಲುಟಾಥಯೋನಿನ ಗಂಧಕವನ್ನು ಅದು ಮುಚ್ಚಿಬಿಡುತ್ತದೆ, ಆಮೇಲೆ ಹೊಸ ಜೋಡಿ ಕಟ್ಟಲು ಸಾಧ್ಯವಿಲ್ಲ. ಇನ್ನೊಂದಕ್ಕೆ ಬರೀ ಆಮ್ಲ ಹಾಕಿ, ಊರಿನಿಂದ ಬರುವಷ್ಟು ಹೊತ್ತು ಐಸಿನಲ್ಲಿಟ್ಟೆ. ಒಂದೇ ತೋಳು, ಒಂದೇ ಸೂಜಿ. ಎರಡನೆಯ ಟ್ಯೂಬಿನ ಪ್ರಕಾರ ಹುಟ್ಟಿದ ಮೇಲೆ ಒಮ್ಮೆಯೂ ಕವಳ ಹಾಕದ ನಾನು ಊರಿನ ಹಳೇ ಕವಳದವರ ಸಾಲಿಗೆ ಸೇರಿದ್ದೆ.

ಆಮ್ಲಕ್ಕೆ ಒಡೆದ ಹಿಮೋಗ್ಲೋಬಿನ್ ತನ್ನಲ್ಲಿದ್ದ ಆಮ್ಲಜನಕವನ್ನು ಬಿಟ್ಟು, ಬಿಡಿ ಗ್ಲುಟಾಥಯೋನನ್ನು ಟ್ಯೂಬಿನೊಳಗೇ ಜೋಡಿ ಮಾಡುತ್ತಿತ್ತು. ನಾನು ಅಳೆದದ್ದು ಕವಳವನ್ನಲ್ಲ, ಬಸ್ಸು-ರೈಲಿನ ಹೊತ್ತನ್ನು. ಲ್ಯಾಬಿನವರ ಅಂಕೆಗಳೂ ಉಬ್ಬಿದ್ದವೇ, ಸ್ವಲ್ಪ ಕಡಿಮೆ ಅಷ್ಟೆ. ಮೂರು ವರ್ಷದ ಕೆಲಸ. ಗೈಡ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು, "ಪೇಪರ್ ಕಳಿಸಿಲ್ಲ ತಾನೇ?" ಎಂದರು. ಕಳಿಸಿರಲಿಲ್ಲ.

ಎರಡನೇ ಸುತ್ತಿಗೆ ಮ್ಯಾಲಿಮೈಡ್ ತುಂಬಿದ ಟ್ಯೂಬುಗಳನ್ನೇ ಊರಿಗೆ ಒಯ್ದೆ. ಅದರದ್ದೂ ಒಂದು ರಗಳೆ: ಉಳಿದ ಮ್ಯಾಲಿಮೈಡ್ ಮುಂದೆ ಅಳತೆಯ ಕಿಣ್ವವನ್ನೇ ಕೆಡಿಸುತ್ತದೆ, ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ಕುಲುಕಿ ತೆಗೆಯಬೇಕು. ಈ ಸಲ ವ್ಯತ್ಯಾಸ ಇತ್ತು, ಆದರೆ ತೀರಾ ಸಣ್ಣದು. ಕವಳ ನಿರಪರಾಧಿ ಅಂತಲ್ಲ. ಅಡಿಕೆ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ರಕ್ತದ ಗ್ಲುಟಾಥಯೋನ್ ಅದನ್ನು ದೊಡ್ಡ ದನಿಯಲ್ಲಿ ಹೇಳಲಿಲ್ಲ, ಅಷ್ಟೆ.

ಹೋಲಿಕೆಯವರೂ ಅದೇ ಊರಿನವರು, ಅದೇ ಪ್ರಾಯದವರು ಬೇಕೆಂದು ಹಠ ಹಿಡಿದಿದ್ದೆ. ಹೆಚ್ಚು ಸತಾಯಿಸಿದ್ದು ಅದೇ. ಐವತ್ತು ದಾಟಿಯೂ ಕವಳ ಹಾಕದ ಗಂಡಸರನ್ನು ನಮ್ಮ ಕಡೆ ಹುಡುಕಿ ನೋಡಿ. ಕೊನೆಗೆ ಪಟ್ಟಿ ಮಾಡಿಕೊಟ್ಟದ್ದು ಅಪ್ಪ, ಬಾಯಲ್ಲಿ ಕವಳ ಇಟ್ಟುಕೊಂಡೇ.