ಸಾಲದಿಂದ ವ್ಯಾಪಾರ ಬೆಳೆಯಿತಾ? ಕಡಿಮೆ ಖರ್ಚಿನಲ್ಲಿ ನಾನು ತಿಳಿದುಕೊಂಡ ಬಗೆ

ಕೆ.ಆರ್. ಮಾರ್ಕೆಟ್ ಸುತ್ತ ಹೂವು, ತರಕಾರಿ ಮಾರುವ ಹೆಂಗಸರಿಗೆ ಸಣ್ಣ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಸಾಲದಿಂದ ಅವರಿಗೆ ನಿಜಕ್ಕೂ ಅನುಕೂಲ ಆಗಿದೆಯಾ ಎಂದು ನೋಡುವ ಹೊಣೆ ನನ್ನದು. ಹೊರಗಿನ ತಜ್ಞರನ್ನು ಕರೆಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ.

ಮೊದಲ ಸಲ ಎಡವಿದೆ. ಸಾಲ ಕೊಡುವಾಗ ಆಷಾಢ. ಮದುವೆಗಳಿಲ್ಲ, ಹೂವು ಕೇಳುವವರೂ ಕಡಿಮೆ. ಮತ್ತೆ ಹೋಗಿ ವಿಚಾರಿಸಿದ್ದು ವರಮಹಾಲಕ್ಷ್ಮಿ ಹಬ್ಬದ ವಾರ. ಸಂಪಾದನೆ ಜಾಸ್ತಿಯಾಗಿದೆ ಎಂದು ಖುಷಿಯಿಂದ ಬರೆದೆ. ಸಂಘದ ಸಭೆಯಲ್ಲಿ ಓದಿ ಹೇಳಿದಾಗ ಕನಕಾಂಬರ ಮಾರುವ ಅಜ್ಜಿಯೊಬ್ಬರು, "ಅದು ಹಬ್ಬದ ದುಡ್ಡಮ್ಮ, ನಿಮ್ಮ ಸಾಲದ್ದಲ್ಲ" ಅಂದರು. ಸಾಲ ತೆಗೆದುಕೊಳ್ಳದ ಪಕ್ಕದವರಿಗೂ ಅಷ್ಟೇ ಲಾಭ ಬಂದಿತ್ತು.

ಹಾಗಾದರೆ ಯಾರ ಜೊತೆ ಹೋಲಿಸಬೇಕು? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಚೀಟಿ ಎತ್ತಿದ ಹಾಗೆ 52ನ್ನು ಆರಿಸಿ, ಅಲ್ಲಿ ಮೊದಲು ಸಾಲದ ಶಾಖೆ ತೆರೆಸಿ, ಉಳಿದ ಬಡಾವಣೆಗಳ ಜೊತೆ ಹೋಲಿಸಿ ನೋಡಿದ್ದರು. ಅದಕ್ಕೆ ಸಾವಿರಾರು ಮನೆ ಸುತ್ತಬೇಕು. ನಮ್ಮ ಕೈಲಾಗದು. ನಾವು ಎರಡು ವರ್ಷದ ಸದಸ್ಯರನ್ನು, ಆಗಷ್ಟೇ ಸೇರಿ ಇನ್ನೂ ಸಾಲ ಸಿಗದವರ ಜೊತೆ ಅದೇ ವಾರ ಹೋಲಿಸಿದೆವು. ಇಬ್ಬರೂ ಧೈರ್ಯ ಮಾಡಿ ಸಂಘಕ್ಕೆ ಬಂದವರೇ ಅಲ್ವಾ?

ಕಂತು ವಸೂಲಿ ಮಾಡುವವರನ್ನು ಪ್ರಶ್ನೆ ಕೇಳಲು ಕಳಿಸಲಿಲ್ಲ. ಅವರ ಮುಂದೆ ಎಲ್ಲರೂ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ. ಸಮಾಜಕಾರ್ಯ ಓದುವ ಇಬ್ಬರು ವಿದ್ಯಾರ್ಥಿನಿಯರು ಮಧ್ಯಾಹ್ನ ಹೋಗುತ್ತಿದ್ದರು. ಆ ಹೊತ್ತಿಗೆ ಗಿರಾಕಿ ಕಡಿಮೆ, ಹೂವು ಕಟ್ಟುತ್ತಾ ಮಾತಾಡುತ್ತಾರೆ. ಖರ್ಚು ಅಂದರೆ ಅವರ ಊಟ, ಓಡಾಟ, ಸ್ವಲ್ಪ ಭತ್ಯೆ.

ತಿಂಗಳ ಆದಾಯ ಎಷ್ಟು ಎಂದು ಕೇಳುವುದನ್ನೇ ಬಿಟ್ಟೆವು. ನಿನ್ನೆ ಎಷ್ಟರ ಮಾಲು ತಂದಿರಿ, ಎಷ್ಟಕ್ಕೆ ಹೋಯಿತು, ಬೆಳಗಿನ ಬಂಡವಾಳ ಎಲ್ಲಿಂದ ಬಂತು? ಈ ಕೊನೆಯ ಪ್ರಶ್ನೆಯೇ ನಮ್ಮ ಕಣ್ಣು ತೆರೆಸಿತು. ಹೊಸಬರಲ್ಲಿ ಹಲವರು ಮೀಟರ್ ಬಡ್ಡಿಯಲ್ಲಿದ್ದರು. ಬೆಳಿಗ್ಗೆ ಕೈಗೆ 900, ಸಂಜೆ ಕೊಡಬೇಕಾದ್ದು 1000. ಹಳಬರ ವ್ಯಾಪಾರ ಅಷ್ಟೇನೂ ದೊಡ್ಡದಾಗಿರಲಿಲ್ಲ. ಆದರೆ ಆ ದಿನದ ನೂರು ರೂಪಾಯಿ ಮನೆಯಲ್ಲೇ ಉಳಿಯುತ್ತಿತ್ತು. ನನಗೆ ಅದು ದೊಡ್ಡ ವಿಷಯ.

ಈ ಹೋಲಿಕೆಯಲ್ಲೂ ಒಂದು ತೂತಿದೆ. ಎರಡು ವರ್ಷ ಉಳಿದವರು ಗಟ್ಟಿಗರು. ಸೋತು ಬಿಟ್ಟುಹೋದವರು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅವರನ್ನೂ ಹುಡುಕಿದೆವು. ಒಬ್ಬರು ಬಿಟ್ಟಿದ್ದು ಸಭೆ ಬೆಳಗಿನ ವ್ಯಾಪಾರದ ಹೊತ್ತಿಗೇ ಇದ್ದದ್ದಕ್ಕೆ. ಮತ್ತೊಬ್ಬರು ಗಂಡನ ಆಸ್ಪತ್ರೆ ಖರ್ಚಿಗೆ ಬಂಡವಾಳವನ್ನೇ ಹಾಕಿ, ಮೀಟರ್ ಬಡ್ಡಿಗೆ ವಾಪಸ್ ಹೋಗಿದ್ದರು. ಸಭೆಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿದ್ದೇವೆ. ಇನ್ನೂ ಏಳು ಜನ ಸಿಕ್ಕಿಲ್ಲ. ಇಬ್ಬರು ಯಶವಂತಪುರದ ಕಡೆ ಕೂರುತ್ತಾರಂತೆ. ಮುಂದಿನ ವಾರ ಅಲ್ಲಿಗೆ ಹೋಗುತ್ತಿದ್ದೇನೆ.