ರಜೆಲಿ ಒಂದು ವಾರ: ಬರವಣಿಗೆ ಕಲಿಸೋ ಕನ್ನಡ ಟೀಚರ್‌ಗಳು ತಾವೇ ಮಾಡ್ಕೋಬಹುದಾದ ಶಿಬಿರ

ಬರವಣಿಗೆ ಕಲಿಸೋರು ಮೊದ್ಲು ತಾವು ಬರೀಬೇಕು. ಪಾಠಯೋಜನೆ, ವರದಿ ಅಲ್ಲ, ನಿಜವಾದ ಬರಹ. 1974ರಲ್ಲಿ ಅಮೆರಿಕದ ಬರ್ಕ್ಲಿಲಿ ಜೇಮ್ಸ್ ಗ್ರೇ ಅನ್ನೋರು ಬೇ ಏರಿಯಾ ರೈಟಿಂಗ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು ಇದೇ ನಂಬಿಕೆ ಮೇಲೆ. ಬೇಸಿಗೆ ರಜೆಲಿ ಟೀಚರ್‌ಗಳು ಸೇರೋದು, ತಾವೂ ಬರೆಯೋದು, ತಮ್ಮ ಕ್ಲಾಸಲ್ಲಿ ಚೆನ್ನಾಗಿ ನಡೆದ ಪಾಠನ ಉಳಿದವ್ರಿಗೆ ಮಾಡಿ ತೋರ್ಸೋದು, ಅಂದ್ರೆ ಟೀಚರ್‌ಗೆ ಟೀಚರೇ ಗುರು. ಇದನ್ನ ನಮ್ಮೂರಲ್ಲೂ ಮಾಡ್ಬಹುದು, ಆದೇಶಕ್ಕೆ ಕಾಯ್ಬೇಕಿಲ್ಲ.

ನಾಲ್ಕೈದು ಜನ ಸಾಕು, ಆದ್ರೆ ಪ್ರೈಮರಿಯವ್ರೂ ಹೈಸ್ಕೂಲಿನವ್ರೂ ಇಬ್ರೂ ಇರ್ಲಿ. ಏಪ್ರಿಲ್‌ನಲ್ಲಿ ಹೈಸ್ಕೂಲಿನವ್ರು ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿರ್ತಾರೆ, ಹಾಗಾಗಿ ಮೇ ತಿಂಗಳಲ್ಲಿ ಮದುವೆಗಳು ಕಮ್ಮಿ ಇರೋ ವಾರ ನೋಡ್ಕೊಳ್ಳಿ, ಬಿಸಿಲೇರೋದ್ರೊಳಗೆ ಮುಗಿಯೋ ಹಾಗೆ ಬೆಳಿಗ್ಗೆ ಹೊತ್ತು ಇಟ್ಕೊಳ್ಳಿ. ರಜೆ ಶುರುವಾಗೋಕೆ ಮುಂಚೆನೇ ಮಕ್ಕಳ ನೋಟ್‌ಬುಕ್‌ನಿಂದ ಒಂದಷ್ಟು ಪುಟದ ಫೋಟೋ ತೆಗೆದಿಟ್ಕೊಳ್ಳಿ, ಹೆಸರು ಕಾಣ್ಬಾರ್ದು.

ದಿನಾ ಮೊದ್ಲು ಬರೆಯೋದೇ. ವಿಷಯ ಸಣ್ಣದಿರ್ಲಿ, ‘ನೀರಿನ ಮಹತ್ವ’ ಬೇಡ, ‘ನಮ್ಮನೆ ನಲ್ಲಿಲಿ ನೀರು ಬರೋ ದಿನ’ ಅಂತ ಇಟ್ಕೊಳ್ಳಿ. ಅರ್ಧ ಗಂಟೆ ಬರ್ದು ಜೋರಾಗಿ ಓದಿ. ಕೇಳೋರು ತಪ್ಪು ಹುಡುಕ್ಬಾರ್ದು, ಯಾವ ಸಾಲು ಮನಸಲ್ಲಿ ಉಳೀತು, ಎಲ್ಲಿ ಇನ್ನೂ ಕೇಳ್ಬೇಕು ಅನ್ನಿಸ್ತು, ಅಷ್ಟು ಮಾತ್ರ ಹೇಳ್ಬೇಕು. ಮೊದಲ ಸಾಲಿಗೆ ಎಷ್ಟು ಒದ್ದಾಡ್ತೀವಿ, ‘ಹೋಗ್ತೀನಿ’ ಬರೀಬೇಕಾ ‘ಹೋಗುತ್ತೇನೆ’ ಬರೀಬೇಕಾ ಅಂತ ಎಲ್ಲಿ ಕೈ ನಿಲ್ಲುತ್ತೆ ಅನ್ನೋದು ಆಗ ನಮ್ಗೇ ಗೊತ್ತಾಗುತ್ತೆ, ಮನೇಲಿ ಬೇರೆ ಥರ ಕನ್ನಡ ಅಥವಾ ಬೇರೆ ಭಾಷೆನೇ ಮಾತಾಡೋ ಮಗುಗೆ ಇದು ಇನ್ನೆಷ್ಟು ಕಷ್ಟ ಅಂತಾನೂ. ಮೊದಲ ಕರಡು ಆಡುಮಾತಲ್ಲೇ ಬರೀಲಿ, ತಿದ್ದೋವಾಗ ಗ್ರಾಂಥಿಕಕ್ಕೆ ತರ್ಲಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಆಮೇಲೆ ಆ ಫೋಟೋಗಳು. ಕೆಂಪು ಪೆನ್ ಪಕ್ಕಕ್ಕಿಟ್ಟು ಮೊದ್ಲು ಮಗು ಏನು ಹೇಳೋಕೆ ಹೊರಟಿದೆ ಅಂತ ಓದಿ. ಎರಡನೇ ಸಲ ತಪ್ಪುಗಳನ್ನ ಗುಂಪು ಮಾಡಿ: ಒತ್ತಕ್ಷರ, ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ, ವಾಕ್ಯ ಎಲ್ಲಿ ಮುಗಿಸ್ಬೇಕು ಅಂತ ತಿಳೀದಿರೋದು. ಒಂದು ಮಗುಗೆ ಒಂದು ಸಲಕ್ಕೆ ಒಂದೇ ಬಗೆ ತಪ್ಪು ತಿದ್ದಿದ್ರೆ ಸಾಕು. ಪುಟ ಪೂರ್ತಿ ಕೆಂಪಾದ್ರೆ ಮಗು ಮುಂದಿನ ಸಲ ಕಮ್ಮಿ ಬರೆಯುತ್ತೆ, ತಪ್ಪು ಕಮ್ಮಿ ಆಗ್ಲಿ ಅಂತ.

ಇನ್ನು ಪಾಠ ತೋರ್ಸೋದು. ದಿನಕ್ಕೊಬ್ರು ಸಾಕು, ಉಳಿದವ್ರು ಮಕ್ಕಳಾಗಿ ಕೂತು ನಿಜವಾಗ್ಲೂ ಬರೀಬೇಕು. ಗಾದೆ ವಿಸ್ತರಣೆನೇ ತಗೊಳ್ಳಿ. ಎಷ್ಟೋ ಉತ್ತರ ‘ಗಾದೆಗಳು ವೇದಗಳಿಗೆ ಸಮಾನ’ ಅಂತ ಶುರುವಾಗಿ ಗೈಡಿನ ಸಾಲಲ್ಲೇ ಮುಗಿಯುತ್ತೆ. ‘ಕೈ ಕೆಸರಾದರೆ ಬಾಯಿ ಮೊಸರು’ ಕೊಟ್ಟು, ನಿಮ್ಮ ಬೀದಿಲಿ ಬೆಳಿಗ್ಗೆ ಎಲ್ರಿಗಿಂತ ಮುಂಚೆ ಕೆಲ್ಸ ಶುರು ಮಾಡೋರು ಯಾರು, ಅವ್ರ ಕೈ ಏನು ಮಾಡ್ತಿರುತ್ತೆ ಅಂತ ಐದು ಸಾಲು ಬರೆಸಿ. ಗಾದೆನ ಆಮೇಲೆ ಅದಕ್ಕೆ ಜೋಡ್ಸಿ, ಪೀಠಿಕೆ ಉಪಸಂಹಾರ ಕೊನೇಲಿ. ಪರೀಕ್ಷೆಗೆ ಬೇಕಾದ ರೂಪನೂ ಸಿಗುತ್ತೆ, ಒಳಗಿರೋ ಮಾತು ಮಗುದೇ ಆಗಿರುತ್ತೆ.

ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿರೋ ಕೋರ್ಸ್‌ಗಳನ್ನೂ ಮಾಡಿ, ಬೇಡ ಅನ್ನಲ್ಲ, ಆದ್ರೆ ವಿಡಿಯೋ ನೋಡಿ ಬರೆಯೋದು ಬರಲ್ಲ.

ಕೊನೇ ದಿನ ಪ್ರತಿಯೊಬ್ರೂ ಜೂನ್ ತಿಂಗಳಿಗೆ ಎರಡೇ ಬರವಣಿಗೆ ಪಾಠ ಆರಿಸ್ಕೊಳ್ಳಿ, ಹೆಚ್ಚು ಬೇಡ, ದಾಖಲಾತಿ ಗಡಿಬಿಡಿಲಿ ಆಗಲ್ಲ. ಅಕ್ಕಪಕ್ಕದ ಶಾಲೆಗಳ ಟೀಚರ್‌ಗಳು ಸೇರೋ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಬರೋವಾಗ ಆ ಪಾಠದಲ್ಲಿ ಮಕ್ಕಳು ಬರ್ದ ಹಾಳೆಗಳನ್ನ ತಗೊಂಡು ಬನ್ನಿ, ಚೆನ್ನಾಗಿ ಬಂದಿದ್ದು ಮಾತ್ರ ಅಲ್ಲ, ಎಲ್ಲಾನೂ.